ಮೂರನೆಯ ರೈಡರ್

ಪುಣೆಯ ವಾಯವ್ಯ ಅಂಚಿನಲ್ಲಿರುವ ವಾಕಡವೂ ಅದರ ನೆರೆಯ ಬಾಲೇವಾಡಿಯೂ ಮುಳಾ ನದಿಯ ಎರಡು ದಂಡೆಗಳ ಮೇಲಿನ ಬಡಾವಣೆಗಳು. ಒಂದು ಪಿಂಪ್ರಿ-ಚಿಂಚವಡ ಮಹಾನಗರ ಪಾಲಿಕೆಗೆ, ಇನ್ನೊಂದು ಪುಣೆ ಮಹಾನಗರ ಪಾಲಿಕೆಗೆ ಸೇರಿದ್ದು, ಮುಂಬಯಿಯಿಂದ ಬೆಂಗಳೂರಿಗೆ ಸಾಗುವ ಹೆದ್ದಾರಿ ಎರಡನ್ನೂ ಹಾದುಹೋಗುತ್ತದೆ. ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಕನ್ನಡ ಕುಟುಂಬಗಳು ವಾಕಡದಲ್ಲಿ ಮನೆ ಹೂಡಿರುವುದು ಈ ಹೆದ್ದಾರಿಯ ಅನುಕೂಲದಿಂದಲೂ ಹೌದು, ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವ ಹೊತ್ತಿಗೆ ಊರು ಸಿಗುತ್ತದೆಂಬ ಲೆಕ್ಕಾಚಾರದಿಂದಲೂ ಹೌದು. ನದಿಯಾಚೆ, 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ನಿರ್ಮಾಣಗೊಂಡ ಶ್ರೀ ಶಿವ ಛತ್ರಪತಿ ಕ್ರೀಡಾ ಸಂಕುಲವಿದೆ. ಅದರ ಬ್ಯಾಡ್ಮಿಂಟನ್ ಸಭಾಂಗಣದಲ್ಲಿ ಪ್ರೊ ಕಬಡ್ಡಿ ಲೀಗ್‌ನ ಪಂದ್ಯಗಳು ನಡೆಯುವ ದಿನಗಳಲ್ಲಿ ವಾಕಡದ ಕನ್ನಡಿಗ ಕಬಡ್ಡಿ ರಸಿಕನ ನಿಷ್ಠೆ ಎರಡಾಗಿ ಸೀಳುತ್ತದೆ: ವಾಸದ ಊರಿನ ತಂಡ ಪುಣೇರಿ ಪಲ್ಟನ್, ತವರಿನ ತಂಡ ಬೆಂಗಳೂರು ಬುಲ್ಸ್. ಈ ಇಕ್ಕಟ್ಟಿನಿಂದ ಪಾರಾಗಲು ಇರುವ ದಾರಿಗಳಲ್ಲಿ ಅತ್ಯಂತ ಸುಖಕರವಾದದ್ದು, ಯಾರು ಗೆದ್ದರು ಎಂಬುದನ್ನು ಒಂದಿಷ್ಟು ಬದಿಗಿಟ್ಟು, ಎರಡೂ ತಂಡಗಳು ತಮ್ಮ ರೈಡರ್‌ಗಳನ್ನು ಹೇಗೆ ಕೂಡಿಹಾಕಿವೆ ಎಂಬುದನ್ನು ಸವಿಯುವುದು.

ರೈಡರ್ ಎಂದರೆ ಎದುರಾಳಿಯ ಅಂಕಣಕ್ಕೆ ಒಬ್ಬನೇ ನುಗ್ಗಿ, 30 ಸೆಕೆಂಡುಗಳ ಒಳಗೆ, ‘ಕಬಡ್ಡಿ’ ಎಂಬ ಜಪವನ್ನು ನಿಲ್ಲಿಸದೆ, ಯಾರನ್ನಾದರೂ ಮುಟ್ಟಿ ಮಧ್ಯದ ಗೆರೆಗೆ ಮರಳಬೇಕಾದ ಆಟಗಾರ. ಹಿಡಿಯಲು ನಿಂತ ಏಳು ಮಂದಿ ಡಿಫೆಂಡರ್‌ಗಳು. 40 ನಿಮಿಷಗಳ ಪಂದ್ಯದಲ್ಲಿ ಒಂದು ತಂಡಕ್ಕೆ ಸುಮಾರು 40 ದಾಳಿಗಳು ದಕ್ಕುತ್ತವೆ. ಅಷ್ಟನ್ನೂ ಒಬ್ಬನ ಮೊಣಕಾಲಿನ ಮೇಲೆ ಹೇರುವುದು ವಿವೇಕವಲ್ಲವೆಂಬುದು ಯಾರಿಗೂ ಹೊಳೆಯುವ ಮಾತು. ಆದರೆ ಕಬಡ್ಡಿಯಲ್ಲಿ ಎರಡನೆಯ, ಮೂರನೆಯ ರೈಡರ್ ಬೇಕಾಗುವುದಕ್ಕೆ ದಣಿವು, ಗಾಯಗಳಿಗಿಂತಲೂ ಸೂಕ್ಷ್ಮವಾದ ಕಾರಣವೊಂದು ಆಟದ ನಿಯಮದೊಳಗೇ ಇದೆ. ಹಿಡಿಸಿಕೊಂಡ ರೈಡರ್ ಔಟಾಗಿ ಹೊರಗೆ ಕೂರಬೇಕಾಗುತ್ತದೆ, ಮತ್ತು ಸಾಮಾನ್ಯವಾಗಿ ಅವನ ಸಂಗಾತಿಗಳು ಎದುರಾಳಿಯನ್ನು ಮುಟ್ಟಿಯೋ ಹಿಡಿದೋ ಔಟ್ ಮಾಡಿದಾಗ ಮಾತ್ರ, ಅದೂ ಔಟಾದವರ ಸರದಿಯ ಪ್ರಕಾರ, ಒಳಗೆ ಮರಳಬಹುದು. ಇದಕ್ಕೆ ಆಟದ ಪರಿಭಾಷೆಯಲ್ಲಿ ರಿವೈವಲ್ ಎನ್ನುತ್ತಾರೆ. ಅಂದರೆ ತಂಡದ ಶ್ರೇಷ್ಠ ರೈಡರ್ ಎಷ್ಟೇ ಬಲಶಾಲಿಯಾಗಿದ್ದರೂ ಒಂದು ತಪ್ಪು ಹೆಜ್ಜೆಯಿಂದ ಪ್ರೇಕ್ಷಕನಾಗಿಬಿಡುತ್ತಾನೆ, ಅವನನ್ನು ಬಿಡಿಸಿ ತರುವ ಹೊಣೆ ಅವನಿಗಿಂತ ಕಡಿಮೆ ಹೆಸರಿನವನ ಮೇಲೆ ಬೀಳುತ್ತದೆ. ಇದರಲ್ಲಿ ಇನ್ನೊಂದು ಕೊಂಕಿದೆ: ಆರು ಅಥವಾ ಏಳು ಡಿಫೆಂಡರ್‌ಗಳು ನಿಂತಿರುವಾಗ ಹಿಂಬದಿಯ ಬೋನಸ್ ಗೆರೆಯನ್ನು ದಾಟಿ ಕಾಲಿಟ್ಟವನಿಗೆ ಸಿಗುವ ಬೋನಸ್ ಅಂಕ ಹಲಗೆಯ ಮೇಲೆ ಏರುತ್ತದಾದರೂ ಹೊರಗೆ ಕೂತವನನ್ನು ಒಳಗೆ ಕರೆತರುವುದಿಲ್ಲ. ಆದ್ದರಿಂದ ಬೋನಸ್ ಕದಿಯುವುದರಲ್ಲಿ ಮಾತ್ರ ಪಳಗಿದ ಉದ್ದಕಾಲಿನ ಹುಡುಗರನ್ನೇ ಸಾಲಾಗಿ ಕೂಡಿಸಿಕೊಂಡ ತಂಡ ಕಾಗದದ ಮೇಲೆ ಶ್ರೀಮಂತವಾಗಿ ಕಂಡರೂ ಅಂಕಣದಲ್ಲಿ ಬಡವಾಗುತ್ತದೆ.

ಇಲ್ಲಿಂದಲೇ ಆಯ್ಕೆಯ ಕಲೆ ಆರಂಭವಾಗುವುದು. ತನ್ನ ಅಂಕಣದ ಎಡಬದಿಯಿಂದ ನುಗ್ಗುವವನಿಗೂ ಬಲಬದಿಯಿಂದ ನುಗ್ಗುವವನಿಗೂ ಎದುರಾಗುವ ಮೂಲೆಯ ಡಿಫೆಂಡರ್‌ಗಳು ಬೇರೆ, ಅವರನ್ನು ವಂಚಿಸುವ ಕೋನಗಳೂ ಬೇರೆ. ಮೊದಲಿಬ್ಬರೂ ಒಂದೇ ಬದಿಯವರಾದರೆ ಎದುರಾಳಿಯ ಒಂದು ಮೂಲೆ ಇಡೀ ಸಂಜೆ ವಿಶ್ರಾಂತಿಯಲ್ಲಿರುತ್ತದೆ. ಓಡುತ್ತಲೇ ಕೈ ಬೀಸಿ ಮುಟ್ಟುವವನೊಬ್ಬ, ಬಗ್ಗಿ ಕಾಲ ಬೆರಳ ತುದಿಯನ್ನು ಚಾಚುವವನೊಬ್ಬ, ಕೈಕೈ ಹಿಡಿದ ಡಿಫೆಂಡರ್‌ಗಳ ಸರಪಳಿಯ ಕೆಳಗೆ ಮುಳುಗಿ ಆಚೆ ಏಳುವ ‘ಡುಬ್ಕಿ’ಯಲ್ಲಿ ನುರಿತವನೊಬ್ಬ, ಹೀಗೆ ಕೈಚಳಕಗಳು ಒಂದನ್ನೊಂದು ಹೋಲದಿರುವಂತೆ ಆರಿಸುವ ತರಬೇತುದಾರ ಎದುರಾಳಿಯನ್ನು ಪ್ರತಿ ದಾಳಿಗೂ ಹೊಸ ಪಾಠ ಓದಿಸುತ್ತಾನೆ. ಸತತ ಎರಡು ದಾಳಿಗಳು ಅಂಕವಿಲ್ಲದೆ ಹೋದರೆ ಮೂರನೆಯದು ‘ಡೂ ಆರ್ ಡೈ’, ಅಂದರೆ ಅಂಕ ತರಬೇಕು ಇಲ್ಲವೇ ಔಟಾಗಬೇಕು ಎಂಬ ಕಟ್ಟುಪಾಡಿನ ದಾಳಿಯಾಗುತ್ತದೆ, ಮತ್ತು ಅದಕ್ಕೆ ಕಳಿಸಬೇಕಾದವನು ತಂಡದ ಅತ್ಯಂತ ಪ್ರತಿಭಾವಂತನೇ ಆಗಬೇಕಿಲ್ಲ. ಔಟಾದರೂ ತಂಡದ ಲಯ ಕೆಡದಂತಹವನು, ಆದರೆ ಅಂಜದವನು, ಅದಕ್ಕೆ ಸಾಕು. ಬೆಂಚಿನ ಮೇಲೆ ಅಂತಹವನೊಬ್ಬನಿರುವುದನ್ನು ಗುರುತಿಸುವುದರಲ್ಲಿ ರಸಿಕನಿಗೆ ಸಿಗುವ ಸಂತೋಷ, ಒಂದೇ ದಾಳಿಯಲ್ಲಿ ಹಲವು ಅಂಕ ತಂದು ಗುಂಪಿನ ಕೂಗಾಟಕ್ಕೆ ಕಾರಣವಾಗುವ ‘ಸೂಪರ್ ರೈಡ್’ ನೋಡಿದಾಗಿನ ಸಂತೋಷಕ್ಕೆ ಬಿಟ್ಟುಕೊಡುವಂಥದ್ದಲ್ಲ.

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಸಾಲನ್ನು ಸೀಳಿ ಓಡುವ ‘ರನ್ನಿಂಗ್ ಬ್ಯಾಕ್’ ಎಂಬ ಆಟಗಾರನ ವಿಷಯದಲ್ಲೂ ಒಬ್ಬನನ್ನೇ ನಂಬಬಹುದೇ ಎಂಬ ಇದೇ ಚಿಂತೆ ಕಾಡುತ್ತದೆ. ಅಲ್ಲಿನ ತರಬೇತುದಾರರು ಪ್ರೌಢಶಾಲೆಯ ಹುಡುಗರ ಮನೆಗಳಿಗೇ ಹೋಗಿ, ವಿದ್ಯಾರ್ಥಿವೇತನದ ಭರವಸೆಯಿತ್ತು, ಒಂದೇ ಸ್ಥಾನಕ್ಕೆ ಮೂವರು ನಾಲ್ವರನ್ನು ಕಲೆಹಾಕುತ್ತಾರೆ. ಜಾರ್ಜಿಯಾ ವಿಶ್ವವಿದ್ಯಾಲಯದ ನಿಕ್ ಚಬ್ 2015ರಲ್ಲಿ ಮೊಣಕಾಲಿಗೆ ಗಾಯ ಮಾಡಿಕೊಂಡಾಗ ಅವರ ಜಾಗಕ್ಕೆ ಬಂದವರು ಅದೇ ಬೆಂಚಿನಲ್ಲಿದ್ದ ಸೋನಿ ಮಿಶೆಲ್. ಇಬ್ಬರೂ ಜೊತೆಯಾಗಿ ಆಡಿದ 2017ರ ಆವೃತ್ತಿಯ ಕೊನೆಗೆ, 2018ರ ಜನವರಿ 1ರ ರೋಸ್ ಬೌಲ್ ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ ಗೆಲ್ಲಿಸಿದ ಓಟವೂ ಮಿಶೆಲ್ ಅವರದೇ. ಕಬಡ್ಡಿಯ ಮಟ್ಟಿಗೆ ಮನೆಗೆ ಹೋಗಿ ಕರೆತರುವ ಪದ್ಧತಿಗೆ ಸಮೀಪವಾದುದನ್ನು ಕರ್ನಾಟಕದ ಕರಾವಳಿಯಲ್ಲಿ ಕಾಣಬಹುದು. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಉಚಿತ ಶಿಕ್ಷಣ, ಊಟ, ವಸತಿ ಕೊಡುವ ಯೋಜನೆಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಅದರಾಚೆಗೆ, ಯುವಕ ಮಂಡಲಗಳು ಏರ್ಪಡಿಸುವ ಹೊನಲು ಬೆಳಕಿನ ಪಂದ್ಯಾವಳಿಗಳೇ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಬಯಲು ಶಾಲೆಗಳಾಗಿವೆ. 2018ರ ಹರಾಜಿನಲ್ಲಿ ಯು.ಪಿ. ಯೋಧಾ ತಂಡ 79 ಲಕ್ಷ ರೂಪಾಯಿ ಕೊಟ್ಟು ಕೊಂಡ ಪ್ರಶಾಂತ್ ಕುಮಾರ್ ರೈ ಈ ಕರಾವಳಿಯ ರೈಡರ್. ಸುಕೇಶ್ ಹೆಗ್ಡೆ ಅವರೂ ಇಲ್ಲಿಯವರೇ, ಮತ್ತು ಈ ಪ್ರಬಂಧದ ವಾದಕ್ಕೆ ಅವರಷ್ಟು ಹೊಂದುವ ಆಟಗಾರ ಇನ್ನೊಬ್ಬರಿಲ್ಲ.

2019ರ ಏಳನೆಯ ಆವೃತ್ತಿಯಲ್ಲಿ ಬೆಂಗಾಲ್ ವಾರಿಯರ್ಸ್ ತಂಡದ ದಾಳಿಯ ಭಾರ ಹೊತ್ತಿದ್ದವರು ನಾಯಕ ಮಣಿಂದರ್ ಸಿಂಗ್. ಗಾಯದಿಂದಾಗಿ ಅವರು ಅಹಮದಾಬಾದಿನ ಅಂತಿಮ ಪಂದ್ಯಕ್ಕೆ ಇಳಿಯಲಾಗಲಿಲ್ಲ. ಅಕ್ಟೋಬರ್ 19ರಂದು ದಬಂಗ್ ದೆಹಲಿಯ ವಿರುದ್ಧ ವಾರಿಯರ್ಸ್ 39-34ರಿಂದ ಗೆದ್ದಾಗ ಇರಾನಿನ ಮೊಹಮ್ಮದ್ ನಬೀಬಕ್ಷ್ 10, ಸುಕೇಶ್ ಹೆಗ್ಡೆ 8 ಅಂಕ ಗಳಿಸಿದ್ದರು. ಆ ತಂಡದ ತರಬೇತುದಾರರು ಬಿ.ಸಿ. ರಮೇಶ್, 2001ರ ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗ, ಮುಂದೆ ಪುಣೇರಿ ಪಲ್ಟನ್‌ಗೆ ಬಂದು ವಾಕಡದ ರಸಿಕನ ಇಕ್ಕಟ್ಟನ್ನು ಬಹಳ ಮಟ್ಟಿಗೆ ಸಡಿಲಿಸಿದವರು. ಅವರ ತಂಡಗಳನ್ನು ಒಂದಾದ ಮೇಲೊಂದರಂತೆ ಗಮನಿಸಿದರೆ, ಒಬ್ಬ ಮಹಾರೈಡರ್‌ನ ಸುತ್ತ ತಂಡ ಕಟ್ಟುವುದಕ್ಕಿಂತ ಮೂರ್ನಾಲ್ಕು ಸಮಬಲರನ್ನು ಬೆಳೆಸುವುದರ ಕಡೆಗೇ ಅವರ ಒಲವು ಎಂಬುದು ಸ್ಪಷ್ಟವಾಗುತ್ತದೆ.

ಪಲ್ಟನ್‌ನಲ್ಲಿ ಆ ಒಲವಿಗೆ ಹದವಾದ ನೆಲ ಮೊದಲೇ ಸಿದ್ಧವಾಗಿತ್ತು. 2021ರ ಡಿಸೆಂಬರಿನಲ್ಲಿ ಬೆಂಗಳೂರಿನ ಹೋಟೆಲೊಂದರಲ್ಲಿ ಪ್ರೇಕ್ಷಕರಿಲ್ಲದೆ ಆರಂಭವಾದ ಎಂಟನೆಯ ಆವೃತ್ತಿಗೆ ಈ ತಂಡ ರಾಹುಲ್ ಚೌಧರಿ, ನಿತಿನ್ ತೋಮರ್ ಎಂಬ ಹೆಸರಾಂತ ರೈಡರ್‌ಗಳೊಡನೆ ಬಂದಿತ್ತು, ಆದರೆ ಆವೃತ್ತಿ ಮುಗಿಯುವಾಗ ದಾಳಿಯ ನೊಗ ಅಸ್ಲಂ ಇನಾಮದಾರ್ ಮತ್ತು ಮೋಹಿತ್ ಗೋಯತ್ ಎಂಬ ಹೊಸಬರ ಹೆಗಲಿಗೆ ಬಂದಿತ್ತು. ಇಬ್ಬರೂ ಲೀಗ್ ‘ನ್ಯೂ ಯಂಗ್ ಪ್ಲೇಯರ್’ ಎಂದು ಕರೆಯುವ ವರ್ಗದವರು: ಹರಾಜಿನ ಕೂಗಾಟಕ್ಕೆ ಸಿಗದ, ಆಯ್ಕೆ ಶಿಬಿರಗಳಲ್ಲಿ ಕಂಡುಕೊಂಡು ಕಡಿಮೆ ಸಂಭಾವನೆಗೆ ಸೇರಿಸಿಕೊಳ್ಳಬಹುದಾದ ಹುಡುಗರು. ಪಲ್ಟನ್ ಇಂತಹವರಿಗಾಗಿಯೇ ‘ಯುವ ಪಲ್ಟನ್’ ಎಂಬ ತರಬೇತಿ ವ್ಯವಸ್ಥೆಯನ್ನು ಕಟ್ಟಿಕೊಂಡಿತು. ಅಸ್ಲಂ ಅಂದಿನ ಅಹಮದ್‌ನಗರ ಜಿಲ್ಲೆಯಿಂದ, ಆಕಾಶ್ ಶಿಂದೆ ನಾಸಿಕದಿಂದ ಬಂದವರು. ಇವರೊಡನೆ, ಮೊದಲೇ ತಂಡದಲ್ಲಿದ್ದ ಪಂಕಜ್ ಮೋಹಿತೆಯನ್ನೂ ಎಣಿಸಿದರೆ ರೈಡರ್‌ಗಳ ಸಾಲು ನಾಲ್ಕಾಯಿತು.

ಈ ನಾಲ್ವರ ಬೆಲೆ ಏನೆಂಬುದು ಗೊತ್ತಾಗಬೇಕಾದರೆ ರಕ್ಷಣಾ ವಿಭಾಗದ ಲೆಕ್ಕ ನೋಡಬೇಕು. 2023ರ ಅಕ್ಟೋಬರ್ ಹರಾಜಿನಲ್ಲಿ ಒಂದು ತಂಡ ಖರ್ಚು ಮಾಡಬಹುದಾಗಿದ್ದ ಒಟ್ಟು ಮೊತ್ತ 5 ಕೋಟಿ ರೂಪಾಯಿ. ಅದರಲ್ಲಿ 2.35 ಕೋಟಿಯನ್ನು ಪಲ್ಟನ್ ಇರಾನಿನ ಡಿಫೆಂಡರ್ ಮೊಹಮ್ಮದ್‌ರೆಜಾ ಶಾದ್ಲೂಯಿ ಒಬ್ಬರಿಗೇ ಸುರಿಯಿತು. ರೈಡರ್‌ಗಳನ್ನು ಚಿಕ್ಕಂದಿನಲ್ಲೇ ಹೆಕ್ಕಿ ಉಳಿಸಿಕೊಂಡಿದ್ದರಿಂದಲೇ ಹೀಗೆ ಕೈಬಿಚ್ಚಲು ಸಾಧ್ಯವಾಯಿತು. ಅದೇ ಹರಾಜಿನಲ್ಲಿ ತೆಲುಗು ಟೈಟನ್ಸ್ 2.605 ಕೋಟಿ ಕೊಟ್ಟು ಪವನ್ ಸೆಹ್ರಾವತ್ ಅವರನ್ನು ಕೊಂಡಿತು; ರೈಡರ್ ಅಪ್ರತಿಮ, ತಂಡ ಮಾತ್ರ ಪಟ್ಟಿಯ ತಳದಲ್ಲೇ ಉಳಿಯಿತು. ಆ ಆವೃತ್ತಿಯ ಶ್ರೇಷ್ಠ ರೈಡರ್ ಪ್ರಶಸ್ತಿ ದಬಂಗ್ ದೆಹಲಿಯ ಆಶು ಮಲಿಕ್ ಅವರ ಪಾಲಾಯಿತು, ಪಲ್ಟನ್‌ನ ಯಾವ ರೈಡರ್‌ಗೂ ಅಲ್ಲ. ಆದರೂ ಲೀಗ್ ಹಂತದಲ್ಲಿ ಅಗ್ರಸ್ಥಾನದಲ್ಲಿ ನಿಂತ ಪಲ್ಟನ್ 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ತಂಡವನ್ನು 28-25ರಿಂದ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು, ಮತ್ತು ಅಂದು ಒಂದೇ ದಾಳಿಯಲ್ಲಿ ನಾಲ್ಕು ಅಂಕ ತಂದು, ಒಟ್ಟು 9 ಅಂಕಗಳೊಡನೆ ಪಂದ್ಯದ ದಿಕ್ಕು ತಿರುಗಿಸಿದವರು ನಾಯಕ ಅಸ್ಲಂ ಅಲ್ಲ, ಮೋಹಿತ್ ಅಲ್ಲ, ಪಂಕಜ್ ಮೋಹಿತೆ. ಅದರ ಹಿಂದಿನ ಆವೃತ್ತಿಯ ಸೆಮಿಫೈನಲ್‌ನಲ್ಲಿ ತಮಿಳ್ ತಲೈವಾಸ್ ವಿರುದ್ಧ 39-37ರ ಗೆಲುವಿಗೆ 16 ಅಂಕ ಕೊಟ್ಟವರೂ ಇವರೇ.

ಆ ತಲೈವಾಸ್ ತಂಡದ ಕಥೆಯೂ ಇದೇ ಜಾಡಿನದು. 2.26 ಕೋಟಿ ಕೊಟ್ಟು ಕೊಂಡಿದ್ದ ಪವನ್ ಸೆಹ್ರಾವತ್ 2022ರ ಅಕ್ಟೋಬರಿನಲ್ಲಿ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಇಡೀ ಆವೃತ್ತಿಯಿಂದ ಹೊರಬಿದ್ದಾಗ, ನರೇಂದರ್ ಎಂಬ ಹೊಸ ಹುಡುಗ 243 ರೈಡ್ ಅಂಕ ಗಳಿಸಿ ತಂಡವನ್ನು ಸೆಮಿಫೈನಲ್‌ವರೆಗೆ ಎಳೆದೊಯ್ದ. ಆದರೆ ಎರಡನೆಯವನು ಮೊದಲಿಗನಾದ ಮೇಲೆ ಅವನ ಹಿಂದೆ ಮತ್ತೊಬ್ಬ ಬೇಕಲ್ಲವೇ ಎಂಬ ಪ್ರಶ್ನೆಗೆ ಪಂಕಜ್ ಮೋಹಿತೆಯ ಆ 16 ಅಂಕಗಳು ಉತ್ತರ ಹೇಳಿದವು.

ಈ ವಾದಕ್ಕೆ ಎದುರಾಗಿ ನಿಲ್ಲುವ ಉದಾಹರಣೆಯನ್ನೂ ಮರೆಮಾಚಬಾರದು. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಚಾಂಪಿಯನ್ ಆದಾಗ, 38ರಲ್ಲಿ 22 ಅಂಕಗಳು ಪವನ್ ಸೆಹ್ರಾವತ್ ಒಬ್ಬರವೇ. ಒಬ್ಬನೇ ಗೆಲ್ಲಿಸಬಲ್ಲನೆಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. ಹಾಗಿದ್ದರೂ ಅದೇ ಪವನ್ ಹಿಂದಿನ ಆವೃತ್ತಿಯ ಬಹುಭಾಗವನ್ನು ಗುಜರಾತ್ ತಂಡದ ಬೆಂಚಿನ ಮೇಲೆ ಕಳೆದಿದ್ದರು, ಮತ್ತು ಬುಲ್ಸ್ ಅವರನ್ನು ತಂದಾಗ ತಂಡದ ಮೊದಲ ರೈಡರ್ ಸ್ಥಾನದಲ್ಲಿ ನಾಯಕ ರೋಹಿತ್ ಕುಮಾರ್ ಇದ್ದರು. ಇನ್ನೊಬ್ಬರ ಬೆಂಚಿನಲ್ಲಿ ಕೂತವನನ್ನು ಗುರುತಿಸುವುದೂ ಇದೇ ಕಲೆಯ ಒಂದು ಅಂಗವೆಂದು ಒಪ್ಪಿದರೆ ವಿರೋಧ ಅರ್ಧ ಕರಗುತ್ತದೆ. ಉಳಿದರ್ಧ ಪವನ್ ಅವರ ಪ್ರತಿಭೆಗೆ ಸಲ್ಲಬೇಕಾದ ಗೌರವ.

ಸಾಲು ತುಂಬಿದ್ದರೂ ಅದು ಸವೆಯುತ್ತದೆ ಎಂಬುದನ್ನು 2024 ಪಲ್ಟನ್‌ಗೆ ತೋರಿಸಿತು. ಹನ್ನೊಂದನೆಯ ಆವೃತ್ತಿಯ ನಡುವೆ ಅಸ್ಲಂ ಮೊಣಕಾಲಿನ ಗಾಯದಿಂದ ಹೊರಗುಳಿದರು, ತಂಡ ಪ್ಲೇಆಫ್ ತಲುಪಲಿಲ್ಲ. ಕೊನೆಯ ಹಂತದ ಪಂದ್ಯಗಳೆಲ್ಲ ಬಾಲೇವಾಡಿಯಲ್ಲೇ ನಡೆದು, ಡಿಸೆಂಬರ್ 29ರಂದು ಹರಿಯಾಣ ಸ್ಟೀಲರ್ಸ್ ಪಟ್ನಾ ಪೈರೇಟ್ಸ್ ತಂಡವನ್ನು 32-23ರಿಂದ ಮಣಿಸಿದ ಅಂತಿಮ ಪಂದ್ಯವನ್ನು ವಾಕಡದವರು ಸೇತುವೆ ದಾಟಿ ಹೋಗಿ ನೋಡಬಹುದಿತ್ತು. ತಮ್ಮ ತಂಡ ಮಾತ್ರ ಅದರಲ್ಲಿರಲಿಲ್ಲ. ತವರಿನ ತಂಡದ ಪಾಡು ಇನ್ನೂ ಕಷ್ಟದ್ದು: 70 ಲಕ್ಷಕ್ಕೆ ತಂದ ಪರ್ದೀಪ್ ನರ್ವಾಲ್ ಅವರಂತಹ ದಂತಕಥೆಯೂ, ಒಂದು ಕೋಟಿ ಮೀರಿದ ಅಜಿಂಕ್ಯ ಪವಾರ್ ಅವರೂ ಇದ್ದ ಬುಲ್ಸ್ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಹನ್ನೆರಡನೆಯ, ಅಂದರೆ ಕಟ್ಟಕಡೆಯ ಸ್ಥಾನಕ್ಕಿಳಿಯಿತು. ಹೆಸರುಗಳನ್ನು ಕೊಳ್ಳುವುದೂ ಸಾಲನ್ನು ಕಟ್ಟುವುದೂ ಒಂದೇ ಕೆಲಸವಲ್ಲ ಎಂಬ ತೀರ್ಪನ್ನು ಆ ಅಂಕಪಟ್ಟಿಯೇ ಬರೆದಿಟ್ಟಿದೆ.

ಮರುವರ್ಷ ಪಲ್ಟನ್ ಅಜಯ್ ಠಾಕೂರ್ ಅವರ ತರಬೇತಿಯಲ್ಲಿ, ಆದಿತ್ಯ ಶಿಂದೆ ಎಂಬ ಮತ್ತೊಬ್ಬ ಯುವ ರೈಡರ್‌ನೊಡನೆ ಫೈನಲ್ ತಲುಪಿ ದಬಂಗ್ ದೆಹಲಿಗೆ 28-31ರಿಂದ ಸೋತಿತು. ಬಿ.ಸಿ. ರಮೇಶ್ ಬೆಂಗಳೂರು ಬುಲ್ಸ್‌ಗೆ ಮರಳಿದರು, ಪುಣೆಯ ಬೆಂಚಿನಲ್ಲಿ ಬೆಳೆದ ಆಕಾಶ್ ಶಿಂದೆ ಅದೇ ತಂಡ ಸೇರಿದರು, ಇರಾನಿನ ಅಲಿರೆಜಾ ಮಿರ್ಜಾಯಿಯಾನ್ ಜೊತೆಗೂಡಿದರು. ಹಿಂದಿನ ವರ್ಷ ತಳದಲ್ಲಿದ್ದ ಬುಲ್ಸ್ 2025ರಲ್ಲಿ ಪ್ಲೇಆಫ್ ಆಡಿತು.