ಫಲಕ ಹೇಳದ ವಯಸ್ಸು

ಹಳೆಯ ವಾಷಿಂಗ್ ಮಷೀನುಗಳನ್ನು ಹುಡುಕಿ ಕೂಡಿಡುವ ಹವ್ಯಾಸಕ್ಕೆ ನಾಣ್ಯ, ಅಂಚೆಚೀಟಿಗಳ ಸಂಗ್ರಹಕ್ಕಿರುವ ಮರ್ಯಾದೆ ಇನ್ನೂ ದಕ್ಕಿಲ್ಲ. ಜಾಗ ತಿನ್ನುವ, ತುಕ್ಕು ಹಿಡಿಯುವ, ಮಾರಿದರೆ ಗುಜರಿಯ ಬೆಲೆಯೂ ಬಾರದ ವಸ್ತುವಿನಲ್ಲಿ ಏನಿದೆ ಎಂದು ಕೇಳುವವರೇ ಹೆಚ್ಚು. ನನಗಂತೂ ಇದರಷ್ಟು ಮನಸ್ಸು ತುಂಬುವ ವಿಷಯ ಬೇರೊಂದಿಲ್ಲ. ನಾಣ್ಯದ ಮೇಲೆ ಅರಸನ ಹೆಸರೋ ಟಂಕಸಾಲೆಯ ಗುರುತೋ ಅಚ್ಚಾಗಿರುತ್ತದೆ. ವಾಷಿಂಗ್ ಮಷೀನಿನ ಹುಟ್ಟನ್ನು ಮಾತ್ರ ಅದರ ಇಡೀ ಮೈಯನ್ನು ಓದಿಯೇ ತಿಳಿಯಬೇಕು. ಹಾಗೆ ಓದುತ್ತ ಹೋದರೆ ಅದನ್ನು ಮಾಡಿದ ಕಾರ್ಖಾನೆಯಷ್ಟೇ ಅಲ್ಲ, ಅದು ದುಡಿದ ಮನೆಯೂ ತಿಳಿಯುತ್ತದೆ. ಬಟ್ಟೆ ಒಗೆದವರ ಶ್ರಮವನ್ನು ಯಾವ ಕಚೇರಿಯೂ ದಾಖಲಿಸಿಕೊಳ್ಳಲಿಲ್ಲ. ಆ ಶ್ರಮದ ಚರಿತ್ರೆಗೆ ಈ ಮಷೀನುಗಳೇ ಗಟ್ಟಿ ಆಧಾರ, ಅವನ್ನು ಗುರುತಿಸಿ ಇಡಿಯಾಗಿ ಉಳಿಸುವುದು ಚರಿತ್ರೆಯ ಕೆಲಸವೇ ಎಂಬುದು ನನ್ನ ವಾದ.

ಗುರುತಿಸುವಾಗ ಮೊದಲು ಕಲಿಯಬೇಕಾದದ್ದು ಹೆಸರಿನ ಫಲಕವನ್ನು ತಕ್ಷಣ ನಂಬದಿರುವುದು. ಅಮೆರಿಕದ ಹಳೆಯ ಮಷೀನುಗಳ ಟಬ್ಬಿನ ಮೇಲೆ ಎರಡು ರಬ್ಬರ್ ರೋಲರುಗಳ ರಿಂಗರ್ ಇರುತ್ತದೆ. ಒಗೆದ ಬಟ್ಟೆಯನ್ನು ಅವುಗಳ ನಡುವೆ ತೂರಿಸಿ ನೀರು ಹಿಂಡಬೇಕು. ಅನೇಕ ರಿಂಗರುಗಳ ಮೇಲೆ ‘ಲೊವೆಲ್’ ಎಂಬ ಹೆಸರು ಎದ್ದು ಕಾಣುತ್ತದೆ. ಆದರೆ ಪೆನ್ಸಿಲ್ವೇನಿಯಾದ ಈರಿ ಊರಿನ ಲೊವೆಲ್ ಕಂಪನಿ ಬೇರೆ ಬೇರೆ ತಯಾರಕರಿಗೆ ರಿಂಗರ್ ಒದಗಿಸುತ್ತಿತ್ತು. ಆ ಹೆಸರು ಮಷೀನಿನದ್ದಲ್ಲ. ಸಿಯರ್ಸ್ ಅಂಗಡಿಗಳ ‘ಕೆನ್‌ಮೋರ್’ ಕೂಡ ಮಾರಿದವರ ಹೆಸರು. ಮಾಡೆಲ್ ಸಂಖ್ಯೆ 110ರಿಂದ ಶುರುವಾದರೆ ಅದನ್ನು ತಯಾರಿಸಿದ್ದು ವರ್ಲ್‌ಪೂಲ್. ವಯಸ್ಸಿನ ಲೆಕ್ಕಕ್ಕೆ ಪೇಟೆಂಟ್ ಸಂಖ್ಯೆ ನೆರವಾಗುತ್ತದೆ. ಅಮೆರಿಕದ ಹತ್ತು ಲಕ್ಷದ ಪೇಟೆಂಟ್ 1911ರಲ್ಲಿ, ಇಪ್ಪತ್ತು ಲಕ್ಷದ್ದು 1935ರಲ್ಲಿ, ಮೂವತ್ತು ಲಕ್ಷದ್ದು 1961ರಲ್ಲಿ ಹೊರಬಿತ್ತು. ಫಲಕದಲ್ಲಿ ಇಪ್ಪತ್ತು ಲಕ್ಷ ದಾಟಿದ ಸಂಖ್ಯೆ ಇದ್ದರೆ ಆ ಫಲಕ 1935ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಎಷ್ಟು ಈಚಿನದು ಎಂಬುದನ್ನು ಮಾತ್ರ ಅದು ಹೇಳದು, ಏಕೆಂದರೆ ಒಂದೇ ಬಗೆಯ ಫಲಕವನ್ನು ವರ್ಷಗಟ್ಟಲೆ ಬಳಸುತ್ತಿದ್ದರು. ಯುದ್ಧದ ಕಾರಣಕ್ಕೆ 1942ರಲ್ಲಿ ಅಲ್ಲಿ ಮನೆಬಳಕೆಯ ವಾಷಿಂಗ್ ಮಷೀನುಗಳ ತಯಾರಿಕೆ ನಿಂತಿತು. ಹೀಗಾಗಿ 1943ರ ಮಾಡೆಲ್ ಎಂದು ಯಾರಾದರೂ ಹೇಳಿದರೆ ಅನುಮಾನಿಸಲೇಬೇಕು. ಒಂದು ಸಾಕ್ಷ್ಯ ಕೆಳಗಿನ ಎಲ್ಲೆಯನ್ನು ಹಾಕುತ್ತದೆ, ಇನ್ನೊಂದು ನಡುವಿನ ಕೆಲವು ವರ್ಷಗಳನ್ನು ತೆಗೆದುಹಾಕುತ್ತದೆ. ಹೀಗೆ ಸುತ್ತಲಿನಿಂದ ಕಿರಿದುಗೊಳಿಸುತ್ತ ಹೋಗುವುದರಲ್ಲೇ ಈ ಕೆಲಸದ ರುಚಿ ಇದೆ.

ಒಂದು ಮಷೀನನ್ನೇ ಹತ್ತಿರದಿಂದ ನೋಡೋಣ. ಅಯೋವಾ ರಾಜ್ಯದ ನ್ಯೂಟನ್ ಊರಿನ ಮೇಟ್ಯಾಗ್ ಕಂಪನಿ ಮೊದಲು ಕೃಷಿ ಉಪಕರಣಗಳನ್ನು ಮಾಡುತ್ತಿತ್ತು. 1907ರಲ್ಲಿ ವಾಷಿಂಗ್ ಮಷೀನಿಗೆ ಕೈಹಾಕಿತು. ಆ ಕಾಲದ ಅನೇಕ ಮಷೀನುಗಳಲ್ಲಿ ಮುಚ್ಚಳದಿಂದ ಇಳಿಬಿದ್ದ ಗೂಟಗಳು ಬಟ್ಟೆಯನ್ನು ನೀರಿನಲ್ಲಿ ಎಳೆದಾಡುತ್ತಿದ್ದವು. 1922ರ ‘ಗೈರಾಫೋಮ್’ ಮಾಡೆಲ್ಲಿನಲ್ಲಿ ಹೊವರ್ಡ್ ಸ್ನೈಡರ್ ಆ ಭಾಗವನ್ನು ಟಬ್ಬಿನ ತಳಕ್ಕೆ ತಂದರು. ರೆಕ್ಕೆಗಳಿದ್ದ ಅಜಿಟೇಟರ್ ತಳದಲ್ಲಿ ಅತ್ತಿತ್ತ ಹೊರಳುತ್ತ ನೀರನ್ನೇ ಬಟ್ಟೆಯೊಳಗೆ ನುಗ್ಗಿಸಿತು. ಹಾಗಾಗಿ ಮುಚ್ಚಳ ಎತ್ತಿ ಅದರ ಒಳಮೈ ನೋಡುವುದು ಗುರುತಿಸುವವರ ಮೊದಲ ಕೆಲಸಗಳಲ್ಲೊಂದು. ಆಮೇಲೆ ಬಗ್ಗಿ ಟಬ್ಬಿನ ಅಡಿ ನೋಡಬೇಕು. ಅಲ್ಲಿ ಕರೆಂಟಿನ ಮೋಟರಿನ ಬದಲು ಪುಟ್ಟ ಪೆಟ್ರೋಲ್ ಇಂಜಿನ್, ಕಾಲಿನಿಂದ ಒದ್ದು ಚಾಲೂ ಮಾಡುವ ಪೆಡಲ್, ಹೊಗೆಯನ್ನು ಮನೆಯಿಂದಾಚೆ ಬಿಡಲು ಬಾಗುವ ಲೋಹದ ಕೊಳವೆ ಇದ್ದರೆ, ಅದು ಕರೆಂಟಿಲ್ಲದ ಮನೆಯ ಮಷೀನು. 1935ರಲ್ಲಿ ಅಮೆರಿಕ ಸರ್ಕಾರ ಗ್ರಾಮೀಣ ವಿದ್ಯುದೀಕರಣಕ್ಕೆ ಮುಂದಾದಾಗ ಅಲ್ಲಿನ ಹತ್ತು ರೈತಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಕರೆಂಟಿತ್ತು. ಮುಂದೆ ತಂತಿ ಊರಿಗೆ ಬಂದಮೇಲೆ ಇಂಜಿನ್ ಬಿಚ್ಚಿ ಮೋಟರು ಕೂರಿಸಿಕೊಳ್ಳಲು ಅವಕಾಶವಿತ್ತು. ಹಾಗೆ ಬದಲಾದ ಮಷೀನನ್ನು ಕೆಲವು ಸಂಗ್ರಾಹಕರು ಕಲಬೆರಕೆ ಎಂದು ಬದಿಗಿಡುತ್ತಾರೆ. ನಾನು ಅದಕ್ಕೇ ಹೆಚ್ಚು ಬೆಲೆ ಕೊಡುತ್ತೇನೆ. ಒಂದು ಮನೆಗೆ ಕರೆಂಟು ಬಂದ ಸಂಗತಿ ಅದರ ಮೈಯಲ್ಲಿ ಬರೆದುಹೋಗಿದೆ. ತಿಕ್ಕಿ ತೊಳೆದು ಹೊಸ ಬಣ್ಣ ಬಳಿದರೆ ಮೊದಲು ಅಳಿಯುವುದು ಅದೇ.

ಹಳೆಯ ಜಾಹೀರಾತುಗಳೂ ಕ್ಯಾಟಲಾಗುಗಳೂ ಇರುವಾಗ ಕಬ್ಬಿಣದ ರಾಶಿ ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಮಾಡೆಲ್ಲಿನ ಹೆಸರು, ಬೆಲೆ, ಬಿಡುಗಡೆಯ ವರ್ಷಗಳಿಗೆ ಕಾಗದವೇ ಒಳ್ಳೆಯ ಆಧಾರ. ಆದರೆ ಜಾಹೀರಾತು ಬರೆದದ್ದು ಮಾರುವುದಕ್ಕೆ. ಅದರಲ್ಲಿ ಹೆಂಗಸು ನಗುತ್ತಿರುತ್ತಾಳೆ. ರಿಂಗರಿನ ರೋಲರುಗಳನ್ನು ತಟ್ಟನೆ ಬಿಡಿಸುವ ಹಿಡಿಕೆ ಎಲ್ಲಿತ್ತು, ಬೆರಳು ಸಿಕ್ಕಿಕೊಂಡವರ ಇನ್ನೊಂದು ಕೈಗೆ ಅದು ಎಟುಕುತ್ತಿತ್ತೇ ಎಂಬುದಕ್ಕೆ ಉತ್ತರ ಮಷೀನಿನ ಮುಂದೆ ನಿಂತರೆ ಮಾತ್ರ ಸಿಗುತ್ತದೆ. ಮಕ್ಕಳ ತೋಳು ರೋಲರಿಗೆ ಸಿಕ್ಕಿ ಜಜ್ಜಿಹೋಗುವ ಗಾಯ ಅಲ್ಲಿನ ವೈದ್ಯರಿಗೆ ಚೆನ್ನಾಗಿ ಗೊತ್ತಿತ್ತು. 1937ರಲ್ಲಿ ಬಂದ ಬೆಂಡಿಕ್ಸ್ ಮಷೀನು ತಾನೇ ಒಗೆದು, ಜಾಲಿಸಿ, ನೀರು ಹಿಂಡುತ್ತಿತ್ತು. ಅದರ ಬುಡದಲ್ಲಿ ಬೋಲ್ಟಿನ ತೂತುಗಳಿವೆ. ರಭಸದಿಂದ ತಿರುಗುವಾಗಿನ ಅದುರನ್ನು ತಡೆಯುವ ಏರ್ಪಾಡು ಒಳಗಿಲ್ಲದ್ದರಿಂದ ಅದನ್ನು ನೆಲಕ್ಕೇ ಬಿಗಿಯಬೇಕಿತ್ತು. ಬಾಡಿಗೆ ಮನೆಯವರು ನೆಲ ಕೊರೆಯಲು ಎಷ್ಟು ಅಳುಕಿರಬೇಕು ಎಂಬ ಯೋಚನೆ ಹುಟ್ಟುವುದು ಆ ತೂತುಗಳನ್ನು ಕಂಡಾಗಲೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಚರಿತ್ರಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ ‘ಮೋರ್ ವರ್ಕ್ ಫಾರ್ ಮದರ್’ ಪುಸ್ತಕದಲ್ಲಿ, ಮನೆಯ ಯಂತ್ರಗಳು ಗೃಹಿಣಿಯ ದುಡಿಮೆಯ ಹೊತ್ತನ್ನು ಇಳಿಸಲಿಲ್ಲ ಎಂದು ತೋರಿಸಿದರು. ಮೊದಲು ಅಗಸಗಿತ್ತಿಗೋ ಲಾಂಡ್ರಿಗೋ ಹೋಗುತ್ತಿದ್ದ ಬಟ್ಟೆ ಮತ್ತೆ ಮನೆಗೇ ಬಂತು. ಶುಚಿಯ ನಿರೀಕ್ಷೆಯೂ ಏರಿತು. ಹಾಗಿದ್ದರೆ ಈ ಯಂತ್ರಗಳನ್ನು ಕೂಡಿಟ್ಟು ಕೊಂಡಾಡುವುದೇಕೆ? ಕೂಡಿಡುವುದೆಂದರೆ ಕೊಂಡಾಡುವುದಲ್ಲ ಎಂಬುದೇ ನನ್ನ ಉತ್ತರ. ಕೋವನ್ ಅವರ ಮಾತನ್ನು ಪರೀಕ್ಷಿಸಬೇಕಾದರೂ ವಸ್ತುಗಳು ಸಾಲಾಗಿ ಮುಂದಿರಬೇಕು. ಕೊಲೊರಾಡೊದ ಈಟನ್‌ನಲ್ಲಿ ನಿವೃತ್ತ ಪ್ರಾಧ್ಯಾಪಕ ಲೀ ಮ್ಯಾಕ್ಸ್‌ವೆಲ್ ಸಾವಿರಕ್ಕೂ ಮಿಕ್ಕ ಮಷೀನುಗಳನ್ನು ಕೂಡಿಸಿದ್ದಾರೆ. ಅಂಥ ಕಡೆ ಕೈಯಿಂದ ತಿರುಗಿಸುವುದನ್ನೂ ರಿಂಗರಿನದನ್ನೂ ಸ್ವಯಂಚಾಲಿತವನ್ನೂ ಹೋಲಿಸಿದರೆ, ಯಾವ ಯಂತ್ರ ರಟ್ಟೆಯ ಶ್ರಮ ಕಳೆಯಿತು, ಯಾವುದು ಒಗೆಯುವವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿತು ಎಂಬುದು ಬೇರೆ ಬೇರೆಯಾಗಿ ಕಾಣುತ್ತದೆ. ರಿಂಗರಿನ ಮಷೀನು ಉಜ್ಜುವ ಕಷ್ಟ ತಪ್ಪಿಸಿತು; ಬಟ್ಟೆಯನ್ನು ಒಂದೊಂದಾಗಿ ರೋಲರಿಗೆ ಕೊಡುವ, ಬೇರೆ ತೊಟ್ಟಿಯಲ್ಲಿ ಜಾಲಿಸಿ ಮತ್ತೆ ಹಿಂಡುವ ಕೆಲಸವನ್ನು ಹಾಗೆಯೇ ಉಳಿಸಿತು.

ಈ ವಂಶಾವಳಿಯ ಒಂದು ಕವಲು ನಮ್ಮ ಬಚ್ಚಲಿನವರೆಗೂ ಬಂದಿದೆ. 1948ರಲ್ಲಿ ಹೂವರ್ ಕಂಪನಿ ವೇಲ್ಸ್‌ನ ಮರ್ಥರ್ ಟಿಡ್‌ಫಿಲ್‌ನಲ್ಲಿ, ಟಬ್ಬಿನ ಪಕ್ಕದ ಗೋಡೆಯಲ್ಲಿ ಚಕ್ರ ತಿರುಗಿ ನೀರು ಸುಳಿಯುವ ಸಣ್ಣ ಮಷೀನು ಮಾಡಿತು. ಜಪಾನಿನ ಸ್ಯಾನ್ಯೋ 1953ರಲ್ಲಿ ಅದೇ ಹಾದಿ ಹಿಡಿಯಿತು. ಮುಂದೆ ಆ ಚಕ್ರ ತಳಕ್ಕಿಳಿಯಿತು, ಪಕ್ಕದಲ್ಲಿ ನೀರು ಹಿಂಡುವ ಇನ್ನೊಂದು ಟಬ್ ಸೇರಿತು. ನಾವು ಸೆಮಿ ಆಟೋಮ್ಯಾಟಿಕ್ ಎನ್ನುವುದು ಈ ಬಗೆಯನ್ನೇ. ಬೆಂಗಳೂರಿನ ಬಿಪಿಎಲ್ ಕೂಡ ಸ್ಯಾನ್ಯೋ ಜೊತೆ ಕೈಜೋಡಿಸಿದ್ದ ಕಂಪನಿ. ಒಗೆಯುವ ಕಲ್ಲಿನ ಪಕ್ಕದಲ್ಲೇ ಜಾಗ ಹಿಡಿದ ಆ ಮೊದಲ ತಲೆಮಾರಿನ ಮಷೀನುಗಳು ಈಗ ಗುಜರಿಗೆ ಹೋಗುತ್ತಿವೆ. ಅವುಗಳ ಗುರುತು ಇರುವುದು ಅಂಟಿಸಿದ ಕಾಗದದ ಚೀಟಿಯಲ್ಲಿ. ಸೋಪಿನ ನೀರಿಗೆ ಅದು ಬೇಗ ಅಳಿಯುತ್ತದೆ. ಎಲ್ಲವನ್ನೂ ಉಳಿಸಲಾಗದು, ಉಳಿಸಬೇಕಾಗಿಯೂ ಇಲ್ಲ. ಆದರೆ ಕೊಡುವ ಮುನ್ನ ಚೀಟಿಯ ಸಂಖ್ಯೆ, ಕೊಂಡ ರಸೀದಿ, ಬದಲಾಯಿಸಿದ ಮೋಟರು ಇಷ್ಟನ್ನಾದರೂ ಬರೆದಿಟ್ಟು, ಒಂದೊಂದು ಮಾದರಿಯಲ್ಲಿ ಒಂದನ್ನಾದರೂ ಇಡಿಯಾಗಿ ಕಾದಿಟ್ಟರೆ, ನಮ್ಮ ಮನೆಗಳಲ್ಲಿ ಬಟ್ಟೆ ಒಗೆದವರ ಬದುಕು ಯಾವಾಗ, ಎಷ್ಟು ಬದಲಾಯಿತು ಎಂಬುದನ್ನು ಮುಂದಿನವರು ಊಹೆಯಿಂದಲ್ಲ, ಆಧಾರದಿಂದ ಹೇಳಬಲ್ಲರು.