ಥಂಡ್ಯಾಗ ಗಾಡಿ ಚಾಲೂ ಆಗಬೇಕು



ಡಿಸೆಂಬರ್ ಬಂತು. ಭೀಮಾ ಕೋರೆಗಾಂವಕ್ಕೆ ಹೋಗೋಕೆ ಊರೂರಲ್ಲಿ ಗಾಡಿ ಗೊತ್ತು ಮಾಡೋದು ಶುರುವಾಗಿದೆ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬ್ಯಾನರ್ ಹೆಂಗಿರಬೇಕು, ಅದರ ಮೇಲೆ ಯಾರ ಫೋಟೋ ಎಷ್ಟು ದೊಡ್ಡದಿರಬೇಕು ಅಂತ ಚರ್ಚೆ ನಡೀತಿದೆ. ನಡೀಲಿ. ನಾನು ಇವತ್ತು ಬರೆಯೋದು ಬೇರೆ. ರಾತ್ರಿಯೆಲ್ಲ ಬಯಲಲ್ಲಿ ನಿಂತ ಡೀಸೆಲ್ ಗಾಡಿ ಜನವರಿ 1ರ ನಸುಕಿನಲ್ಲಿ ಹೆಂಗ ಚಾಲೂ ಆಗತದ ಅನ್ನೋದು. ನಗಬೇಡಿ, ಪೂರ್ತಿ ಓದಿ.

ವಿಜಯಪುರ ಕಡೆಯಿಂದ ನಾವು ಹೋಗೋದು ಹಳೇ ಕ್ರೂಸರ್‌ನಲ್ಲಿ. ಡಿಸೆಂಬರ್ 31ಕ್ಕೆ ಸಿ.ಎಲ್. ಬರೆದುಕೊಟ್ಟು ಹೊರಡ್ತೀನಿ. ಕಚೇರಿಯಲ್ಲಿ ಒಬ್ಬರು, "ಓಹೋ, ನೀವೂ ನ್ಯೂ ಇಯರ್ ಕ್ಯಾಂಪಿಂಗಾ?" ಅಂದಿದ್ದರು. ಹೌದು ಅಂದೆ. ಸುಳ್ಳೇನಲ್ಲ. ತಾಡಪಾಲ ಹಾಸ್ತೀವಿ, ಮೂರು ಕಲ್ಲಿಟ್ಟು ಒಲೆ ಹೂಡ್ತೀವಿ, ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚತೀವಿ, ಹೆಣ್ಣುಮಕ್ಕಳು ಮತ್ತು ಚಿಕ್ಕವರು ಗಾಡಿಯೊಳಗೆ, ಉಳಿದವರು ಕೆಳಗೆ ಮಲಗ್ತೀವಿ. ಬಾಡಿಗೆ ಟೆಂಟ್ ಮಾತ್ರ ಇಲ್ಲ.

ಪುಣೆ ಕಡೆಯ ಆ ಬಯಲಲ್ಲಿ ಡಿಸೆಂಬರ್ ಕೊನೆಗೆ ನಸುಕಿನ ಚಳಿ 10 ಡಿಗ್ರಿ ಆಸುಪಾಸು ಇಳೀತದೆ. ಲಡಾಖ್‌ಗೆ ಹೋಲಿಸಿದರೆ ಇದು ಚಳಿಯೇ ಅಲ್ಲ. ಅಲ್ಲಿ ಡೀಸೆಲ್ಲೇ ಮೇಣದ ಹಾಗೆ ಗಟ್ಟಿಯಾಗ್ತದೆ. ಅದಕ್ಕಂತಲೇ ಇಂಡಿಯನ್ ಆಯಿಲ್ ಕಂಪನಿ 2019ರಲ್ಲಿ ಮೈನಸ್ 33 ಡಿಗ್ರಿವರೆಗೂ ಹರಿಯೋ ಚಳಿಗಾಲದ ಡೀಸೆಲ್ ಹೊರತಂತು. ನಮ್ಮ ಕಡೆ ಡೀಸೆಲ್ ಗಟ್ಟಿಯಾಗೋದಿಲ್ಲ. ಆದರೂ ಗಾಡಿ ಮುಷ್ಕರ ಹೂಡ್ತದೆ. ಯಾಕೆ ಅಂತ ಬಿ.ಎ. ಮಾಡಿದ ನನಗೆ ಹೇಳಿಕೊಟ್ಟವರು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ನಮ್ಮ ಡ್ರೈವರ್ ಕಾಕಾ.

ಪೆಟ್ರೋಲ್ ಗಾಡಿಯಲ್ಲಿ ಕಿಡಿ ಹೊಡೆಯೋ ಪ್ಲಗ್ ಇರ್ತದೆ. ಡೀಸೆಲ್‌ನಲ್ಲಿ ಕಿಡಿ ಇಲ್ಲ. ಸಿಲಿಂಡರ್‌ನಲ್ಲಿ ಗಾಳಿಯನ್ನ ಸುಮಾರು ಇಪ್ಪತ್ತು ಪಟ್ಟು ಒತ್ತಿ ಹಿಂಡಿದರೆ ಆ ಗಾಳಿ ಕಾದು ಕೆಂಡದಂಗಾಗ್ತದೆ. ಅದರೊಳಗೆ ಡೀಸೆಲ್ ಚಿಮ್ಮಿದರೆ ತಾನೇ ಹೊತ್ತಿಕೊಳ್ತದೆ. ಸೈಕಲ್ ಪಂಪ್ ಹೊಡೆದಾಗ ತುದಿ ಬಿಸಿಯಾಗೋದಿಲ್ಲವಾ, ಅದೇ ಲೆಕ್ಕ. ಥಂಡಿಯಲ್ಲಿ ಏನಾಗ್ತದೆ ಅಂದರೆ, ಆ ಬಿಸಿಯನ್ನೆಲ್ಲ ತಣ್ಣಗಿನ ಕಬ್ಬಿಣ ಹೀರಿಬಿಡ್ತದೆ. ಇಂಜಿನ್ ಆಯಿಲ್ ಮಂದವಾಗಿ ತಿರುಗೋದೇ ಭಾರ ಆಗ್ತದೆ. ಬ್ಯಾಟರಿಯ ಕಸುವೂ ಥಂಡಿಗೆ ಇಳೀತದೆ. ಇಂಜಿನ್ ಹೆಚ್ಚು ಕಸುವು ಕೇಳೋ ಹೊತ್ತಿಗೇ ಬ್ಯಾಟರಿ ಕಡಿಮೆ ಕೊಡ್ತದೆ.

ಅದಕ್ಕೇ ಇಂಥ ಹಳೇ ಇಂಜಿನ್‌ಗೆ ಸಿಲಿಂಡರ್‌ಗೊಂದು ಹೀಟರ್ ಪ್ಲಗ್ ಇರ್ತದೆ. ಕೀಲಿ ಅರ್ಧ ತಿರುವಿದರೆ ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ಚಿತ್ರದ ದೀಪ ಹತ್ತಿಕೊಳ್ತದೆ. ನಮ್ಮ ಹುಡುಗರು ಅದು ಹತ್ತಿದ ಕೂಡಲೇ ಸೆಲ್ಫ್ ಹೊಡೀತಾರೆ. ಕಾಕಾ ಬೈಯೋದು ಅಲ್ಲೇ:

"ಏ ತಮ್ಮಾ, ದೀಪ ಆರೂತನಕ ತಡಿಯೋ. ಅದು ಒಳಗ ಒಲಿ ಕಾಯಸಾಕತ್ತದ. ಹೆಂಚು ಕಾಯೂಕಿಂತ ಮೊದಲ ರೊಟ್ಟಿ ಹಾಕ್ತಾಳೇನು ನಿಮ್ಮವ್ವ?"

ದೀಪ ಆರಿದ ಮೇಲೂ ಚಾಲೂ ಆಗದಿದ್ದರೆ ಮತ್ತೊಮ್ಮೆ ಕಾಯಿಸಬೇಕು. ಸೆಲ್ಫ್ ಒಂದೇ ಸಮ ಕಿರ್ರ್ ಅನ್ನಿಸಬಾರದು. ಹತ್ತು ಸೆಕೆಂಡ್ ಹೊಡಿ, ಅರ್ಧ ಒಂದು ನಿಮಿಷ ಬಿಡು. ಕ್ಲಚ್ ಪೂರ್ತಿ ಒತ್ತಿರಬೇಕು, ಗೇರ್‌ಬಾಕ್ಸಿನ ಭಾರ ತಪ್ತದೆ. ಹೆಡ್‌ಲೈಟ್, ಟೇಪು, ಫ್ಯಾನು ಎಲ್ಲ ಬಂದ್. ಸೈಲೆನ್ಸರ್‌ನಿಂದ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗ್ತಿದೆ, ಹೊತ್ತಿಕೊಳ್ತಿಲ್ಲ ಅಂತ ಅರ್ಥ. ಹೀಟರ್ ನೋಡು. ಹೊಗೆಯೇ ಬರದಿದ್ದರೆ ಡೀಸೆಲ್ಲೇ ಹೋಗ್ತಿಲ್ಲ. ಲೈನ್ ಏರ್ ತಗೊಂಡಿರಬಹುದು, ಫಿಲ್ಟರ್ ಹತ್ತಿರದ ಹ್ಯಾಂಡ್ ಪಂಪ್ ಒತ್ತು. ಹೊಗೆ ನೋಡಿ ರೋಗ ಹೇಳೋ ಈ ವಿದ್ಯೆಗೆ ಯಾವ ಸರ್ಟಿಫಿಕೇಟೂ ಇಲ್ಲ.

ಒಂದು ಸಲ ಹುಡುಗರು ಗಾಡಿಯ ಬ್ಯಾಟರಿಗೇ ಆಂಪ್ಲಿಫೈಯರ್ ಸಿಗಿಸಿ ರಾತ್ರಿ ಎರಡರ ತನಕ ಭೀಮಗೀತೆ ಹಾಕಿದ್ದರು. ಜೊತೆಗೆ ಐದಾರು ಮೊಬೈಲ್ ಚಾರ್ಜಿಗೆ. ಹಾಡು ಚೆನ್ನಾಗಿದ್ದವು, ನಾನೂ ಕುಣಿದೆ. ನಾಲ್ಕು ಗಂಟೆಗೆ ಕೀಲಿ ತಿರುವಿದರೆ ಟಕ್ ಅಂತ ಒಂದೇ ಶಬ್ದ. ಬ್ಯಾಟರಿ ಸತ್ತಿತ್ತು. ಬ್ಯಾಟರಿ ಪೂರ್ತಿ ಸತ್ತರೆ ಹೀಟರೂ ಕಾಯೋದಿಲ್ಲ, ಬರೀ ದಬ್ಬಿದರೆ ಇಂಥ ಇಂಜಿನ್ ಥಂಡಿಯಲ್ಲಿ ಸುಲಭಕ್ಕೆ ಏಳೋದಿಲ್ಲ. ಆದರೂ ಹನ್ನೊಂದು ಮಂದಿ ದಬ್ಬಿದೆವು. ಎರಡನೇ ಗೇರು, ಕ್ಲಚ್ ಬಿಡೋದು, ಗಾಡಿ ಒಮ್ಮೆ ಕೆಮ್ಮಿ ನಿಲ್ಲೋದು. ಆ ಚಳಿಯಲ್ಲೂ ಬೆವರು.

ಪಕ್ಕದಲ್ಲಿ ಪರಭಣಿ ಕಡೆಯವರ ಪಿಕಪ್ ನಿಂತಿತ್ತು. ನಮಗೆ ಮರಾಠಿ ಅರ್ಧ, ಅವರಿಗೆ ಕನ್ನಡ ಸೊನ್ನೆ. "ಜೈಭೀಮ್" ಅಂದೆವು. ಅವರೂ "ಜೈಭೀಮ್" ಅಂದು ಚಾದರ ಸರಿಸಿ ಎದ್ದು ಸೀಟಿನ ಕೆಳಗಿಂದ ಜಂಪರ್ ಕೇಬಲ್ ತೆಗೆದರು. ಕೆಂಪು ಕೆಂಪಿಗೆ, ಅಂದರೆ ಪ್ಲಸ್ ಪ್ಲಸ್‌ಗೆ. ಕರಿ ವಾಯರಿನ ಒಂದು ತುದಿ ಅವರ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ನಮ್ಮ ಬ್ಯಾಟರಿಗಲ್ಲ, ಇಂಜಿನ್ನಿನ ಬಣ್ಣ ಇಲ್ಲದ ಕಬ್ಬಿಣಕ್ಕೆ. ಬ್ಯಾಟರಿಯಿಂದ ಗ್ಯಾಸ್ ಬರ್ತದೆ, ಅದರ ಬಾಯಲ್ಲಿ ಕಿಡಿ ಹಾರಬಾರದು. ಅವರ ಇಂಜಿನ್ ಹತ್ತು ನಿಮಿಷ ಓಡಿದ ಮೇಲೆ ನಮ್ಮದು ಒಂದೇ ಏಟಿಗೆ ಚಾಲೂ!

ಅವತ್ತು ಯಾರೋ ಹುಲ್ಲು ತಂದು ಇಂಜಿನ್ ಕೆಳಗೆ ಬೆಂಕಿ ಹಾಕೋಣ ಅಂದಿದ್ದರು. ಕೆಲವು ಲಾರಿಯವರು ಹಾಕ್ತಾರೆ, ನಿಜ. ದಯವಿಟ್ಟು ಬೇಡ. ಆಯಿಲ್ ಸೋರಿದ ಇಂಜಿನ್ನು, ಡೀಸೆಲ್ ಪೈಪು, ಮೇಲೆ ಮಲಗಿದ ಮಕ್ಕಳು. ಹಾಗೇ ಗ್ಯಾರೇಜಿನ ಸ್ಟಾರ್ಟಿಂಗ್ ಸ್ಪ್ರೇ ಹೀಟರ್ ಪ್ಲಗ್ ಇರೋ ಇಂಜಿನ್‌ಗೆ ಹೊಡೀಬಾರದು, ಕಾದ ಪ್ಲಗ್ಗಿಗೆ ತಾಗಿ ಒಳಗೇ ಸಿಡೀತದೆ. ಇನ್ನೊಂದು, ಚಳಿ ಅಂತ ಕಾಜು ಏರಿಸಿ ಇಂಜಿನ್ ಚಾಲೂ ಇಟ್ಟು ಮಲಗೋದು, ಒಳಗೆ ಕೆಂಡದ ಬುಟ್ಟಿ ಇಟ್ಟುಕೊಳ್ಳೋದು. ಅದರ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳೋದಿಲ್ಲ.

ಈಗ ನಿಜವಾದ ಮಾತಿಗೆ ಬರ್ತೀನಿ. ಗಾಡಿ ಅರ್ಧ ಗಂಟೆ ತಡ ಆದರೆ ಏನು ಮಹಾ ಅಂತ ಕೇಳಬಹುದು. 2018ರ ಜನವರಿ 1 ನೆನಪು ಮಾಡಿಕೊಳ್ಳಿ. 200ನೇ ವರ್ಷದ ನಮನಕ್ಕೆ ಹೋದ ನಮ್ಮ ಜನರ ಮೇಲೆ ಕಲ್ಲು ಬಿದ್ದವು, ನೀಲಿ ಬಾವುಟದ ಗಾಡಿಗಳು ಸುಟ್ಟವು. ಆ ವರ್ಷದ ನಂತರ ಕಾಕಾ ಗಾಡಿ ನಿಲ್ಲಿಸೋ ರೀತಿಯೇ ಬದಲಾಯಿತು. ಮೂತಿ ಯಾವಾಗಲೂ ರಸ್ತೆ ಕಡೆಗೆ. ಸಿಕ್ಕರೆ ಸ್ವಲ್ಪ ಇಳಿಜಾರು. ಮುಂದೆ ಯಾವ ಗಾಡಿಯೂ ಅಡ್ಡ ನಿಲ್ಲಬಾರದು. ಎಲ್ಲರೂ ಮಲಗಿದ ಮೇಲೆ ರಾತ್ರಿ ಒಂದಕ್ಕೊಮ್ಮೆ, ಮೂರಕ್ಕೊಮ್ಮೆ ಎದ್ದು ಗಾಡಿ ಚಾಲೂ ಮಾಡಿ ಬಿಸಿ ಮಾಡಿ ಬಂದ್ ಮಾಡ್ತಾರೆ. "ಓಡೂ ಹೊತ್ತು ಬಂದ್ರ ಗಾಡಿ ಕೀಲಿಗೇ ಏಳಬೇಕು ನೋಡ್ರಿ ಸರ" ಅಂತ ಒಮ್ಮೆ ಹೇಳಿದ್ದರು. ಬೇರೆಯವರ ಕ್ಯಾಂಪಿಂಗ್‌ನಲ್ಲಿ ಗಾಡಿ ಚಾಲೂ ಆಗದಿದ್ದರೆ ಟ್ರಿಪ್ ಹಾಳಾಗ್ತದೆ ಅಷ್ಟೇ. ಈಗ ಪೊಲೀಸ್ ಬಂದೋಬಸ್ತ್ ದೊಡ್ಡದಿದೆ, ದೂರದ ಮೈದಾನದಲ್ಲಿ ಪಾರ್ಕಿಂಗ್ ಮಾಡಿಸಿ ಬಸ್ಸಿನಲ್ಲಿ ಕರೆದೊಯ್ತಾರೆ. ಕಾಕಾನ ಅಭ್ಯಾಸ ಮಾತ್ರ ಬದಲಾಗಿಲ್ಲ. ಬದಲಾಗೋದೂ ಬೇಡ ಅಂತ ನನ್ನ ಅಭಿಪ್ರಾಯ.

ಆದರೆ ಹೀಗೆ ರಾತ್ರಿಯಿಡೀ ಎದ್ದವರು ಮರುದಿನ 350 ಕಿಲೋಮೀಟರ್ ಗಾಡಿ ಓಡಿಸಿ ನಮ್ಮನ್ನು ಮನೆ ಮುಟ್ಟಿಸಬೇಕು. ಜನವರಿ 2ಕ್ಕೆ ನಾವೆಲ್ಲ ಕಚೇರಿ ಸೇರಬೇಕಲ್ಲ! ಬಾಬಾಸಾಹೇಬರು 1927ರ ಜನವರಿ 1ರಂದು ಬಂದು ನಿಂತ ಆ ಕಂಬದ ಮುಂದೆ ನಾವು ಗುಂಪು ಫೋಟೋ ತೆಗೆಸ್ತೀವಿ. ಕಂಬದ ಮೇಲೆ 'ನಾಕ್' ಅಂತ ಮುಗಿಯೋ ಮಹಾರ್ ಸೈನಿಕರ ಹೆಸರು ಓದಿ ಎದೆ ಉಬ್ಬಿಸ್ತೀವಿ. ಆ ಫೋಟೋಗಳಲ್ಲಿ ಡ್ರೈವರ್ ಇಲ್ಲ, ಅವರು ಗಾಡಿ ಕಾಯ್ತಾ ಮೈದಾನದಲ್ಲಿರ್ತಾರೆ. ನಮ್ಮ ಸಂಘಟನೆಯ ಕರಪತ್ರದಲ್ಲಿ ಡೀಸೆಲ್ ಕೊಡಿಸಿದವರ ಹೆಸರು ದಪ್ಪ ಅಕ್ಷರದಲ್ಲಿ ಬರ್ತದೆ, ಓಡಿಸಿದವರದು ಬರೋದಿಲ್ಲ. ಈ ಪೋಸ್ಟಿಗೆ ಹೆಸರು ಹಾಕ್ತೀನಿ ಅಂದೆ. "ಬ್ಯಾಡ್ರಿ ಸರ, ನಾಳೆ ಬ್ಯಾರೇ ಮಂದಿ ಬಾಡಿಗಿ ಕೊಡೂದಿಲ್ಲ" ಅಂದರು. ನೀಲಿ ಬಾವುಟದ ಗಾಡಿ ಓಡಿಸೋನು ಅಂತ ಗೊತ್ತಾದರೆ ಮದುವೆ ಬಾಡಿಗೆ ತಪ್ಪಿದ್ದು ಅವರಿಗೆ ಹೊಸದಲ್ಲ.

ಹೋದ ಭಾನುವಾರ ನಮ್ಮ ಸಭೆಯಲ್ಲಿ ಜಗಳ ಆಡಿ ಮೂರು ತೀರ್ಮಾನ ಮಾಡಿಸಿದೀನಿ. ಬ್ಯಾನರ್ ದುಡ್ಡಲ್ಲಿ ಅರ್ಧ ಕಡಿತ ಮಾಡಿ ಹೊಸ ಬ್ಯಾಟರಿ ಮತ್ತು ನಾಲ್ಕು ಹೀಟರ್ ಪ್ಲಗ್ ಹಾಕಿಸೋದು. ವಾಪಸ್ ಬರೋಕೆ ಎರಡನೇ ಡ್ರೈವರ್, ಅವರಿಗೂ ಪೂರ್ತಿ ಪಗಾರ. ಕಾಕಾ ಕಂಬದ ಹತ್ತಿರ ಹೋಗಿ ಬರೋ ತನಕ ಗಾಡಿ ಕಾಯೋಕೆ ಪದಾಧಿಕಾರಿಗಳ ಪಾಳಿ. ಮೂರನೇದಕ್ಕೆ ಅಧ್ಯಕ್ಷರ ಮುಖ ಸಣ್ಣಗಾಯಿತು, ಆದರೂ ಸಹಿ ಹಾಕಿದರು.

ಗಾಡಿ 31ರ ಬೆಳಗ್ಗೆ 6ಕ್ಕೆ ಹೊರಡ್ತದೆ. ಎರಡು ಸೀಟು ಖಾಲಿ ಇವೆ. ಆಂಪ್ಲಿಫೈಯರ್‌ಗೆ ಸ್ವಂತ ಬ್ಯಾಟರಿ ತರೋರಿಗೆ ಮೊದಲ ಆದ್ಯತೆ.

ಜೈಭೀಮ್.