ಇರ್ಲಿ ಬಿಡು!

‘ಬಿಡು’ ಅಂದರೆ ಏನು ಅಂತ ನಿಮ್ಮ ಮಕ್ಕಳನ್ನು ಒಮ್ಮೆ ಕೇಳಿ ನೋಡಿ. ನಮ್ಮ ಮನೆಯಲ್ಲಿ ಆ ಒಂದು ಪದದಿಂದ ಬೈಕಿನ ಬ್ರೇಕ್ ಕೆಲಸವೇ ಕೆಟ್ಟಿತ್ತು.

ನಾವಿರುವುದು ಮ್ಯೂನಿಕ್‌ನಲ್ಲಿ. ಚಳಿಗಾಲವೆಲ್ಲ ನಿಂತಿದ್ದ ಬೈಕನ್ನು ಏಪ್ರಿಲ್‌ನಲ್ಲಿ ಹೊರತೆಗೆದೆ. ಬ್ರೇಕ್ ಆಯಿಲ್ ಹಾಕಿ ಎರಡು ವರ್ಷ ದಾಟಿತ್ತು. ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ನೀರು ಸೇರಿದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತದೆ. ಹೊಸ ಡಾಟ್ 4 ತುಂಬಿಸುವಾಗ ಪೈಪಿನೊಳಗೆ ಗಾಳಿ ಸೇರಿಕೊಂಡಿತು. ಲಿವರ್ ಹಿಡಿದರೆ ಸ್ಪಂಜು ಹಿಂಡಿದ ಹಾಗೆ! ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕೈಯ ಬಲವೆಲ್ಲ ಗುಳ್ಳೆಗಳ ಪಾಲು, ಚಕ್ರಕ್ಕೆ ತಲುಪುವುದೇ ಇಲ್ಲ.

ಗಾಳಿ ತೆಗೆಯಲು ಇಬ್ಬರಿದ್ದರೆ ಸಲೀಸು. ಒಂಬತ್ತು ವರ್ಷದ ಮಗಳಿಗೆ ಗಾಗಲ್ಸ್, ಗ್ಲೌಸ್ ಹಾಕಿಸಿ ಲಿವರ್ ಬಳಿ ನಿಲ್ಲಿಸಿದೆ. ನಾನು ಸ್ಪ್ಯಾನರ್ ಹಿಡಿದು ಕ್ಯಾಲಿಪರ್ ಬಳಿ ಕೂತೆ. ನಿಪ್ಪಲ್‌ಗೆ ಸಿಕ್ಕಿಸಿದ ಟ್ಯೂಬಿನ ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿತ್ತು. ‘ಹಿಡಿ’ ಅಂದಾಗ ಅವಳು ಲಿವರ್ ಹಿಡಿಯಬೇಕು. ನಾನು ನಿಪ್ಪಲ್ ಸಡಿಲಿಸಿ, ಗುಳ್ಳೆ ಬಂದಮೇಲೆ ಬಿಗಿಮಾಡಿ ‘ಬಿಡು’ ಅಂದಮೇಲಷ್ಟೇ ಬಿಡಬೇಕು.

ಏಳೆಂಟು ಸಲ ಚೆನ್ನಾಗಿ ನಡೆಯಿತು. ಶಾಲೆಯಿಂದ ಬಂದಮೇಲೂ ಜರ್ಮನ್‌ನಲ್ಲೇ ಮಾತಾಡುವವಳು ‘ಹಿಡಿದೆ’, ‘ಬಿಟ್ಟೆ’ ಅನ್ನುವುದನ್ನು ಕೇಳಿ ನನಗೆ ಒಳಗೊಳಗೇ ಖುಷಿ. ಅಷ್ಟರಲ್ಲಿ, ನಿಪ್ಪಲ್ ತೆರೆದಿದ್ದಾಗಲೇ, ‘ಅಮ್ಮಾ, ನಿನ್ನ ಪ್ಯಾಂಟಿಗೆ ಎಣ್ಣೆ ಬಿತ್ತು’ ಅಂದಳು.

‘ಇರ್ಲಿ ಬಿಡು’ ಅಂದೆ.

ಬಿಟ್ಟೇಬಿಟ್ಟಳು! ಟ್ಯೂಬಿಗೆ ಬಂದಿದ್ದ ಗುಳ್ಳೆಗಳೆಲ್ಲ ಸರ್ರನೆ ವಾಪಸು ಒಳಗೆ. ‘ಯಾಕೆ ಬಿಟ್ಟೆ?’ ಎಂದು ರೇಗಿದೆ. ‘ನೀನೇ ಬಿಡು ಅಂದೆ’ ಎಂದಳು. ಗಾಗಲ್ಸ್ ಒಳಗೆ ಕಣ್ಣು ತುಂಬಿತ್ತು.

ಅವಳದೇನು ತಪ್ಪು? ನಮ್ಮಿಂದ ಅವಳಿಗೆ ಸಿಗುವ ಕನ್ನಡವೆಲ್ಲ ಬಾ, ಕೂರು, ತಿನ್ನು, ಬಿಡು. ಸಮಾಧಾನ ಹೇಳುವ ‘ಬಿಡು’ವನ್ನು ನನಗೆ ಯಾರೂ ಕಲಿಸಿದ್ದಲ್ಲ. ಅಮ್ಮ, ಚಿಕ್ಕಮ್ಮ ಹರಟುವಾಗ ಪಕ್ಕದಲ್ಲಿ ಕೂತು ಕೇಳಿಸಿಕೊಂಡದ್ದು. ಇಲ್ಲಿ ನಾನೂ ಗಂಡನೂ ನಮ್ಮ ನಮ್ಮಲ್ಲಿ ಆಡುವುದು ಮುಕ್ಕಾಲು ಇಂಗ್ಲಿಷ್. ಮಗಳು ಕದ್ದು ಕೇಳಲು ಕನ್ನಡ ಎಲ್ಲಿದೆ? ನಿಮ್ಮ ಮನೆಯಲ್ಲೂ ಹೀಗೇ ಇದ್ದರೆ, ಮಕ್ಕಳೊಂದಿಗೆ ಆಡುವ ಕನ್ನಡದ ಜೊತೆಗೆ, ಅವರ ಕಿವಿಗೆ ಬೀಳುವಂತೆ ನೀವಿಬ್ಬರೂ ಕನ್ನಡದಲ್ಲಿ ಹರಟಿ, ಜಗಳವನ್ನೂ ಆಡಿ.

ಅವಳಿಗೆ ಎರಡೂ ‘ಬಿಡು’ಗಳ ಅರ್ಥ ಹೇಳಿ ಮೊದಲಿನಿಂದ ಶುರುಮಾಡಿದೆವು. ಮುಕ್ಕಾಲು ಗಂಟೆಯಲ್ಲಿ ಲಿವರ್ ಗಟ್ಟಿಯಾಯಿತು. ಬೈಕನ್ನು ತಳ್ಳಿ ಬ್ರೇಕ್ ಹಿಡಿದೆ, ಗಕ್ಕನೆ ನಿಂತಿತು.

‘ಸುಮ್ಮನೆ ರೇಗಿದೆ, ತಪ್ಪಾಯ್ತು ಪುಟ್ಟಿ’ ಅಂದೆ.

ಗ್ಲೌಸ್ ಕಳಚುತ್ತಾ ಅಂದಳು: ‘ಇರ್ಲಿ ಬಿಡಮ್ಮ.’